ಮಂಚಕ್ಕೆ ಕಾರ್ಡು, ಕುರ್ಚಿಗೆ ಕಾಸು

ನಮ್ಮ ಸೋದರಮಾವನ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಇದೆ. ಹಾಸನದ ಯಾವುದೋ ಬಟ್ಟೆ ಅಂಗಡಿಯದು, ಹಿಡಿ ಕಿತ್ತುಹೋಗಿದೆ. ಅದರೊಳಗೆ ರೇಷನ್ ಕಾರ್ಡಿನ ಜೆರಾಕ್ಸ್, ಸರ್ಕಾರದ ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್, ಎರಡು ಸ್ಕ್ಯಾನಿಂಗ್ ರಿಪೋರ್ಟು, ಒಂದು ಹಿಡಿ ರಸೀದಿ. ಈಗ ನಾನು ಹೇಳಹೊರಟಿರುವ ಕಥೆ ಪೂರ್ತಿ ಆ ಕವರಿನೊಳಗೇ ಇದೆ.

ನಾನು ಹಾಸನ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು. ಅರ್ಜಿ ತುಂಬಿಕೊಡುವುದು, ಸಹಕಾರ ಸಂಘದವರ ಆರೋಗ್ಯ ಯೋಜನೆಯಾದ ಯಶಸ್ವಿನಿಗೆ ಹೆಸರು ಸೇರಿಸುವುದು, ಆಯುಷ್ಮಾನ್ ಕಾರ್ಡ್ ಬಗ್ಗೆ ಕೇಳಿದವರಿಗೆ ನಾಲ್ಕು ಮಾತು ಹೇಳುವುದು, ಇವೆಲ್ಲ ಆ ಕೆಲಸದ ಜೊತೆಗೇ ಬರುತ್ತವೆ. "ಐದು ಲಕ್ಷದವರೆಗೂ ಫ್ರೀ" ಅಂತ ಎಷ್ಟು ಜನಕ್ಕೆ ಹೇಳಿದ್ದೇನೋ ಗೊತ್ತಿಲ್ಲ. ಮಾವನಿಗೂ ನಾನೇ ಹೇಳಿದ್ದು. ಹಾಗಾಗಿ ಈ ಪ್ರಕರಣದಲ್ಲಿ ನಾನು ಬರೀ ನೋಡಿದವನಲ್ಲ, ನನ್ನದೂ ಒಂದು ಪಾಲಿದೆ. ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ಹೆಸರು ಬದಲಾದರೂ ಕಥೆ ಇದೇ.

ಆಲೂಗಡ್ಡೆ ಮೂಟೆ

ಮಾವನಿಗೆ ಅರವತ್ತಮೂರು. ಅರಕಲಗೂಡು ತಾಲ್ಲೂಕಿನಲ್ಲಿ ಒಂದೂವರೆ ಎಕರೆ ಜಮೀನು. ಮುಂಗಾರಿಗೆ ಆಲೂಗಡ್ಡೆ, ಆಮೇಲೆ ರಾಗಿ, ಬಿಡುವಿದ್ದಾಗ ಬೇರೆಯವರ ಶುಂಠಿ ಹೊಲದಲ್ಲಿ ಕೂಲಿ. ಬಿಪಿಎಲ್ ಕಾರ್ಡು. ಮನೆಯಲ್ಲಿ ಅತ್ತೆ, ಮದುವೆಯಾಗದ ಒಬ್ಬಳು ಮಗಳು. ಅವಳು ಹಾಸನದ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಗ್ಗೆ ಆರೂವರೆಗೆಲ್ಲ ಫ್ಯಾಕ್ಟರಿ ಬಸ್ಸು ಬಂದು ನಿಲ್ಲುತ್ತದೆ.

ಮೇ ಕೊನೆಯಲ್ಲಿ ಬಿತ್ತನೆ ಆಲೂಗಡ್ಡೆ ಮೂಟೆ ಇಳಿಸುವಾಗ ಬಲಗಡೆ ತೊಡೆಸಂದಿಯಲ್ಲಿ ಏನೋ ಜಾರಿದ ಹಾಗಾಯಿತಂತೆ. ಸಂಜೆ ಸ್ನಾನ ಮಾಡುವಾಗ ನೋಡಿದರೆ ನಿಂಬೆಹಣ್ಣಿನಷ್ಟು ಉಬ್ಬು. ಮಲಗಿದರೆ ಒಳಗೆ ಹೋಗುತ್ತೆ, ಕೆಮ್ಮಿದರೆ ಆಚೆ ಬರುತ್ತೆ. ಇದು ಹರ್ನಿಯಾ. ಹೊಟ್ಟೆಯ ಗೋಡೆ ಒಂದು ಕಡೆ ಸೋತಾಗ ಒಳಗಿನ ಕರುಳು ಆ ಸಂದಿಯಿಂದ ಇಣುಕುತ್ತದೆ. ಮಾತ್ರೆಯಲ್ಲಿ ಹೋಗುವ ಕಾಯಿಲೆ ಅಲ್ಲ. ಒಳಗೆ ತಳ್ಳಿ, ಆ ಜಾಗಕ್ಕೆ ಮೆಶ್ ಅನ್ನುವ ಸಣ್ಣ ಬಲೆ ಇಟ್ಟು ಹೊಲಿಯಬೇಕು. ಆಪರೇಷನ್ ದೊಡ್ಡದೇನಲ್ಲ. ಆದರೆ ಹಾಗೇ ಬಿಟ್ಟರೆ ಒಂದು ದಿನ ಕರುಳು ಅಲ್ಲೇ ಸಿಕ್ಕಿಕೊಂಡು, ರಕ್ತ ಓಡಾಟ ನಿಂತು, ಕೆಲವೇ ಗಂಟೆಗಳಲ್ಲಿ ಕೊಳೆಯುವುದಕ್ಕೆ ಶುರುವಾಗಬಹುದು.

ಮಾವ ಮೊದಲು ಹೋಗಿದ್ದು ತಾಲ್ಲೂಕು ಊರಿನ ಒಬ್ಬ ಡಾಕ್ಟರ ಕ್ಲಿನಿಕ್ಕಿಗೆ. ಫೀಸು 200, ಮಾತ್ರೆಗೆ 340. ನೋವು ಕಮ್ಮಿಯಾಗಲಿಲ್ಲ ಅಂತ ಹತ್ತು ದಿನ ಬಿಟ್ಟು ಮತ್ತೆ ಹೋದರು. ಮತ್ತೆ 200, ಮಾತ್ರೆಗೆ 280. ಆಗ ಆ ಡಾಕ್ಟರು "ಸರ್ಜನ್ ಹತ್ರ ತೋರಿಸ್ಬಿಡಿ" ಅಂದರು. ಇದನ್ನು ಮೊದಲ ದಿನವೇ ಹೇಳಬಹುದಿತ್ತು, ಇರಲಿ.

ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಅತ್ತೆಯನ್ನು ಕರೆದುಕೊಂಡು ಹೋದರು. ಕೌಂಟರಿನಲ್ಲಿ ಕಾರ್ಡ್ ತೋರಿಸಿದರು. ಹಿಂದೆ ನಾನು ಹೇಳಿದ್ದೆನಲ್ಲ, "ಎಲ್ಲಿ ಹೋದ್ರೂ ಮೊದ್ಲು ಕಾರ್ಡ್ ತೋರ್ಸಿ ಮಾವ" ಅಂತ. ಕೌಂಟರಿನ ಹುಡುಗಿ ಕಾರ್ಡನ್ನು ಕೈಗೂ ತೆಗೆದುಕೊಳ್ಳಲಿಲ್ಲವಂತೆ.

"ಇದು ಅಡ್ಮಿಟ್ ಆದ್ರೆ ಮಾತ್ರ ತಾತ. ಡಾಕ್ಟ್ರನ್ನ ನೋಡೋಕೆ ಐನೂರು."

ಐನೂರು ಕೊಟ್ಟರು. ಸರ್ಜನ್ ಎರಡು ನಿಮಿಷ ನೋಡಿ ಸ್ಕ್ಯಾನಿಂಗ್ ಬರೆದರು. ಹೊರಗಡೆ 1,200 ಆಯಿತು. ರಿಪೋರ್ಟ್ ಸಿಗುವ ಹೊತ್ತಿಗೆ ಡಾಕ್ಟರು ಎದ್ದು ಹೋಗಿದ್ದರು. ಚೀಟಿಗೆ ಏಳು ದಿನ ಅವಧಿ ಇರುತ್ತೆ, ಅದರೊಳಗೆ ಬಂದು ತೋರಿಸಿದರೆ ಮತ್ತೆ ಫೀಸಿಲ್ಲ. ಮಾವ ಬಂದಿದ್ದು ಒಂಬತ್ತನೇ ದಿನ, ಯಾಕೆಂದರೆ ನಡುವೆ ಮಳೆ ಹಿಡಿದು ಬಿತ್ತನೆ ಮುಗಿಸಬೇಕಿತ್ತು. ಮತ್ತೆ ಐನೂರು. ಸರ್ಜನ್ ಹೇಳಿದ್ದು ಇಷ್ಟೇ: ಆಪರೇಷನ್ ಆಗಬೇಕು, ಕಾರ್ಡಿನಲ್ಲಿ ಮಾಡಿಸಬೇಕಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತನ್ನಿ.

2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಡಾಕ್ಟರ ಮುಂದೆ ಎರಡು ನಿಮಿಷ ಕೂರುವುದಕ್ಕೆ ಒಂದು ದಿನದ ಕೂಲಿ ಸಾಲುವುದಿಲ್ಲ. ಮಾವ ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ. ಸುಮ್ನೆ ಊರಿಗೆ ಹೋಗಿಬಿಟ್ಟರು. ಜೂನ್ ಮುಗಿಯಿತು, ಜುಲೈ ಮುಗಿಯಿತು. ಪಂಚೆಯನ್ನು ಬಿಗಿಯಾಗಿ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು.

ಗೌರಿ ಹಬ್ಬದ ದಿನ

ನನಗೆ ಗೊತ್ತಾಗಿದ್ದು ಗೌರಿ ಹಬ್ಬಕ್ಕೆ. ನಮ್ಮಮ್ಮನಿಗೆ ತವರಿನ ಬಾಗಿನ ತಂದಿದ್ದರು. ಜಗುಲಿ ಮೇಲೆ ಒಂದು ಪಕ್ಕಕ್ಕೆ ವಾಲಿಕೊಂಡು ಕೂತಿದ್ದರು. ಅಮ್ಮ "ಯಾಕೋ ಹಂಗೆ ಕೂತಿದೀಯ?" ಅಂದರೆ "ಏನಿಲ್ಲ ಕಣಕ್ಕ, ಬಸ್ಸಲ್ಲಿ ಸೀಟ್ ಸಿಗ್ಲಿಲ್ಲ" ಅಂದರು. ನಾನು ಒಳಗೆ ಕರೆದು ಕೇಳಿದಾಗ ಎಲ್ಲ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದರು:

"ನೀನು ಫ್ರೀ ಅಂದಿದ್ದೆ ಅಳಿಮಯ್ಯ. ಅಲ್ಲಿ ಕೂತ್ರೆ ಐನೂರು, ಎದ್ರೆ ಐನೂರು. ನಿನ್ನ ಕಾರ್ಡು ಯಾವ್ದಕ್ಕೆ?"

ಬೈಗುಳದ ದನಿ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಶಸ್ವಿನಿ ಅರ್ಜಿ ಎಷ್ಟೋ ತುಂಬಿದ್ದೇನೆ, ಆಯುಷ್ಮಾನ್ ಕಾರ್ಡ್ ಮಾಡಿಸಿಕೊಳ್ಳಿ ಅಂತ ಎಷ್ಟೋ ಜನರನ್ನು ಗ್ರಾಮ ಒನ್‌ಗೆ ಕಳಿಸಿದ್ದೇನೆ. ಡಾಕ್ಟರ ಫೀಸಿಗೆ ಅದು ಆಗುತ್ತಾ ಇಲ್ಲವಾ ಅಂತ ನಾನೇ ಸರಿಯಾಗಿ ಓದಿರಲಿಲ್ಲ. ಅವತ್ತು ರಾತ್ರಿ ಓದಿದೆ.

ಆರೋಗ್ಯ ಕರ್ನಾಟಕ ಶುರುವಾಗಿದ್ದು 2018ರ ಮಾರ್ಚ್ 2ಕ್ಕೆ. ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಕೇಂದ್ರದ ಆಯುಷ್ಮಾನ್ ಭಾರತ ಬಂತು, ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿ ಒಂದೇ ಯೋಜನೆ ಮಾಡಿದರು. ನಮ್ಮ ರಾಜ್ಯದಲ್ಲಿ ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ, ಅಂದರೆ ಒಂದೊಂದು ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಮೊತ್ತದಲ್ಲಿ, ಶೇಕಡಾ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷ ದಾಟುವ ಹಾಗಿಲ್ಲ. ಮಿಕ್ಕ ಶೇಕಡಾ 70 ನಮ್ಮದೇ.

ಇದೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಇದ್ದದ್ದು ಇದು: ಇಡೀ ಯೋಜನೆ ನಿಂತಿರುವುದು ಅಡ್ಮಿಷನ್ ಮೇಲೆ. ಆಸ್ಪತ್ರೆಯಲ್ಲಿ ಮಂಚ ಹತ್ತಿದರೆ ಮಾತ್ರ ಕಾರ್ಡಿಗೆ ಜೀವ. ಹೊರರೋಗಿಯಾಗಿ ಹೋಗಿ ಡಾಕ್ಟರ ಎದುರು ಕುರ್ಚಿಯಲ್ಲಿ ಕೂತು ತೋರಿಸಿಕೊಂಡು ಬರುವುದಕ್ಕೆ ಅದು ಬರುವುದಿಲ್ಲ. ಆದರೆ ಅಡ್ಮಿಟ್ ಆದರೆ, ಅದೇ ಕಾಯಿಲೆಗೆ ಆಸ್ಪತ್ರೆ ಸೇರುವ ಹಿಂದಿನ ಮೂರು ದಿನದ ತಪಾಸಣೆ, ಪರೀಕ್ಷೆ ಮತ್ತು ಬಿಡುಗಡೆಯಾದ ಮೇಲಿನ ಹದಿನೈದು ದಿನದ ಔಷಧಿ, ಮರುಭೇಟಿ ಪ್ಯಾಕೇಜಿನೊಳಗೇ ಸೇರಿರುತ್ತವೆ. ಈ ಮೂರು ಮತ್ತು ಹದಿನೈದು ನೆನಪಿರಲಿ. ಮುಂದೆ ಜಗಳ ನಡೆಯುವುದೆಲ್ಲ ಇವುಗಳ ಮೇಲೇ.

ಇನ್ಶೂರೆನ್ಸ್ ಅನ್ನುವುದೇ ಅಪರೂಪಕ್ಕೆ ಬರುವ ದೊಡ್ಡ ಖರ್ಚಿಗೆ, ದಿನಾ ಬರುವ ಸಣ್ಣ ಖರ್ಚಿಗಲ್ಲ ಅಂತ ವಾದ ಮಾಡಬಹುದು. ಲಕ್ಷಾಂತರ ಐನೂರರ ಚೀಟಿಗಳನ್ನು ಪರಿಶೀಲಿಸುವುದು ಯಾರ ಕೈಲಾಗುತ್ತೆ, ಸುಳ್ಳು ಚೀಟಿ ಎಷ್ಟು ಬರಬಹುದು ಅನ್ನುವುದೂ ನ್ಯಾಯವೇ. ಆದರೆ ಆಪರೇಷನ್ನಿಗೆ ದಾರಿ ಇರುವುದು ಆ ಐನೂರರ ಬಾಗಿಲಿನಿಂದಲೇ ಅಲ್ವಾ. ಹಿಂದಿನ ಯಶಸ್ವಿನಿಯಲ್ಲಿ ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ಡಾಕ್ಟರನ್ನು ಸುಮ್ಮನೆ ಕಾಣುವುದು ಉಚಿತ ಇತ್ತು. 2003ರಲ್ಲಿ ಶುರುವಾದ ಆ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿ, 2023ರ ಜನವರಿಯಿಂದ ಮತ್ತೆ ಜೀವ ಪಡೆದಿದೆ. ಹಳ್ಳಿಯ ನಾಲ್ಕು ಜನದ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಮಾವ ಅದಕ್ಕೆ ಸೇರಿರಲಿಲ್ಲ. "ಕಾರ್ಡ್ ಐತಲ್ಲ" ಅಂದಿದ್ದರು. ನಾನೂ ಒತ್ತಾಯ ಮಾಡಿರಲಿಲ್ಲ.

ಹತ್ತು ರೂಪಾಯಿ ಚೀಟಿ

ಹಬ್ಬ ಕಳೆದ ಮೇಲೆ ಹಾಸನದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿಗೆ ಹತ್ತು ರೂಪಾಯಿ. ಸರದಿಯಲ್ಲಿ ನಿಂತಿದ್ದು ಅತ್ತೆ. ಇದರಲ್ಲೊಂದು ಲೆಕ್ಕಾಚಾರ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಹಾಗಾಗಿ ಯಾವ ದಿನ ಸರ್ಜನ್ ಇರುತ್ತಾರೆ, ಯಾವ ಕೋಣೆ, ರಿಪೋರ್ಟ್ ಬಂತಾ ಅಂತ ವಿಚಾರಿಸುವ ತಿರುಗಾಟವೆಲ್ಲ ಅತ್ತೆಯ ಪಾಲಿಗೆ. ಮಾವ ಬರುವುದು ಅವರ ಮೈಯೇ ಬೇಕಾದಾಗ ಮಾತ್ರ.

ಬೆಳಗ್ಗೆ ಎಂಟೂವರೆಗೆ ನಿಂತವರಿಗೆ ಹನ್ನೆರಡೂವರೆಗೆ ಸರದಿ ಬಂತು. ಒಳಗೆ ಮೂವರು ಎಳೆ ಡಾಕ್ಟರುಗಳು, ಒಬ್ಬರು ಹಿರಿಯರು. ಹಿರಿಯರು ಮಾವನನ್ನು ನಿಲ್ಲಿಸಿ ಕೆಮ್ಮಿಸಿ, ಮಲಗಿಸಿ ಕೆಮ್ಮಿಸಿ, ಹಳೇ ಸ್ಕ್ಯಾನಿಂಗ್ ನೋಡಿದರು. ನಾನು ರೆಫರಲ್ ಕೇಳಿದೆ.

"ರೆಫರಲ್ ಯಾಕ್ರೀ? ಇಲ್ಲೇ ಮಾಡ್ತೀವಿ."

ನಿಯಮವೂ ಅದೇ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಚಿಕಿತ್ಸೆಯನ್ನು ಅಲ್ಲೇ ಮಾಡಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಚೀಟಿ. ತುರ್ತು ಪಟ್ಟಿಯಲ್ಲಿರುವವಕ್ಕೆ ಚೀಟಿ ಬೇಕಿಲ್ಲ. ಜನ ರೆಫರಲ್ ಅನ್ನು ತಮ್ಮ ಹಕ್ಕು ಅಂದುಕೊಳ್ಳುತ್ತಾರೆ. "ಬರ್ಕೊಡಲ್ಲ ಅಂತಾರೆ" ಅಂತ ನಮ್ಮ ಸಂಘದ ಬಾಗಿಲಲ್ಲಿ ವಾರಕ್ಕೊಬ್ಬರಾದರೂ ದೂರುತ್ತಾರೆ. ಬರೆದುಕೊಡದೆ ಇರುವುದು ಬಹಳ ಸಲ ಸರಿಯೇ ಇರುತ್ತದೆ. ಖಾಸಗಿ ಸರ್ಜನ್ "ಚೀಟಿ ತನ್ನಿ" ಅಂದಾಗ ಇದನ್ನೂ ಹೇಳಿದ್ದಿದ್ದರೆ ಮಾವನಿಗೆ ಎರಡನೇ ಐನೂರಾದರೂ ದಂಡ ಅನ್ನಿಸುತ್ತಿರಲಿಲ್ಲ.

ರಕ್ತ ಪರೀಕ್ಷೆ, ಇಸಿಜಿ, ಎಕ್ಸ್‌ರೇ ಅಲ್ಲೇ ಆಯಿತು. ಬಿಪಿ ಜಾಸ್ತಿ ಇತ್ತು. ಮಾತ್ರೆ ಕೊಟ್ಟು, ಬಿಪಿ ಹತೋಟಿಗೆ ಬಂದ ಮೇಲೆ ಅರಿವಳಿಕೆ ಡಾಕ್ಟರು ಫಿಟ್‌ನೆಸ್ ಕೊಡಬೇಕು ಅಂದರು. ಮೂರು ವಾರ ಬಿಟ್ಟು ದಿನಾಂಕ ಕೊಟ್ಟರು. ಇಲ್ಲಿಗೆ ಸರ್ಕಾರಿ ಆಸ್ಪತ್ರೆಯ ಖರ್ಚು ಮೂರು ಸಲದ ಚೀಟಿ ಸೇರಿ ಮೂವತ್ತು ರೂಪಾಯಿ.

ಆ ದಿನಾಂಕಕ್ಕೆ ಇನ್ನೂ ಆರು ದಿನ ಇತ್ತು.

ರಾತ್ರಿ ಒಂದೂಕಾಲು

ಅತ್ತೆ ಫೋನ್ ಮಾಡಿದಾಗ ಹನ್ನೊಂದೂವರೆ. ಉಬ್ಬು ಕಲ್ಲಿನ ಹಾಗೆ ಗಟ್ಟಿಯಾಗಿದೆ, ಮಲಗಿದರೂ ಒಳಗೆ ಹೋಗುತ್ತಿಲ್ಲ, ಎರಡು ಸಲ ವಾಂತಿ. ಪಕ್ಕದ ಮನೆಯವರ ಓಮ್ನಿಯಲ್ಲಿ ಹೊರಟರು. ನಾನು ಹಾಸನದಲ್ಲಿ ಕಾದಿದ್ದೆ. ಇಲ್ಲಿ ತಪ್ಪು ಮಾಡಿದ್ದು ನಾನು. ಮಾವನ ಹೆಸರು, ಪರೀಕ್ಷೆ, ಬಿಪಿ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲಿತ್ತು. ಅಲ್ಲಿಗೇ ಹೋಗಬೇಕಿತ್ತು. ರಾತ್ರಿ ಸರ್ಜನ್ ಇರುತ್ತಾರೋ ಇಲ್ಲವೋ ಅಂತ ಹೆದರಿ, ದಾರಿಯಲ್ಲಿ ಮೊದಲು ಸಿಗುವ ಇನ್ನೊಂದು ಖಾಸಗಿ ಆಸ್ಪತ್ರೆಗೆ ನುಗ್ಗಿಸಿದೆ. ಹೊರಗೆ ಆಯುಷ್ಮಾನ್ ಬೋರ್ಡ್ ಇತ್ತು. ಅದೊಂದು ಧೈರ್ಯ.

ಕೌಂಟರಿನಲ್ಲಿದ್ದ ಹುಡುಗ ಒಬ್ಬನೇ. "ಬಿಪಿಎಲ್ಲಾ ಎಪಿಎಲ್ಲಾ?" ಅಂದ. ಬಿಪಿಎಲ್ ಅಂದೆ. ಕಾರ್ಡ್ ತೋರಿಸಿದೆ. ಆರೋಗ್ಯ ಮಿತ್ರ ಎಲ್ಲಿ ಅಂದರೆ ಬೆಳಗ್ಗೆ ಒಂಬತ್ತಕ್ಕೆ ಬರುತ್ತಾರೆ ಅಂದ. ಈ ಆರೋಗ್ಯ ಮಿತ್ರರು ನೋಂದಾಯಿತ ಆಸ್ಪತ್ರೆಗಳಲ್ಲಿ ಯೋಜನೆಯ ಕಾಗದಪತ್ರ ನೋಡಿಕೊಳ್ಳುವವರು. ಕಾರ್ಡಿನವರಿಗೆ ಅಲ್ಲಿ ಇರುವ ಒಂದೇ ಕೈಮರ.

"ಅವ್ರು ಬರೋವರ್ಗೂ ಕ್ಯಾಶ್ ಪೇಷಂಟ್ ಅಂತಾನೇ ಹಾಕ್ಬೇಕು ಸಾರ್. ಎಮರ್ಜೆನ್ಸಿ ಡಾಕ್ಟ್ರ ಫೀಸು ಆರ್ನೂರು, ಅಡ್ವಾನ್ಸ್ ಐದು ಸಾವ್ರ."

ರಸೀದಿಯಲ್ಲಿ ಸಮಯ ಇದೆ: 1:14. ಸ್ಟ್ರೆಚರಿನಲ್ಲಿ ಮಾವ ಮೊಣಕಾಲು ಮಡಚಿಕೊಂಡು ಮಲಗಿದ್ದರು. ಅತ್ತೆಯ ಸೆರಗಿನ ಗಂಟಿನಲ್ಲಿ ಎರಡು ಸಾವಿರ, ಉಳಿದದ್ದು ನನ್ನ ಫೋನ್ ಪೇ. ಆಮೇಲೆ ಸ್ಕ್ಯಾನಿಂಗ್ 1,800, ರಕ್ತ ಪರೀಕ್ಷೆ 950. ಆ ಹೊತ್ತಿನಲ್ಲಿ ನಿಯಮ ಮಾತಾಡುವುದಕ್ಕೆ ಯಾರಿಗೆ ಬಾಯಿ ಬರುತ್ತೆ? ಕೊಟ್ಟೆ.

ಸರ್ಜನ್ ಎರಡು ಗಂಟೆಗೆ ಬಂದರು. ಈ ಮನುಷ್ಯನನ್ನು ಮರೆಯುವುದಿಲ್ಲ. ಕಾರ್ಡಾ ಕ್ಯಾಶಾ ಕೇಳಲಿಲ್ಲ. ಕರುಳು ಸಿಕ್ಕಿಕೊಂಡಿದೆ, ಬೆಳಗಿನವರೆಗೆ ಕಾಯುವ ಹಾಗಿಲ್ಲ ಅಂದವರು ಮೂರು ಗಂಟೆಗೆ ಆಪರೇಷನ್ ಶುರು ಮಾಡಿದರು. ಕರುಳು ಕಪ್ಪಾಗಿತ್ತಂತೆ, ಬಿಸಿನೀರಿನ ಬಟ್ಟೆ ಇಟ್ಟು ಕಾದ ಮೇಲೆ ಬಣ್ಣ ತಿರುಗಿತಂತೆ. ಕತ್ತರಿಸುವುದು ತಪ್ಪಿತು.

ಒಂಬತ್ತೂಕಾಲಿಗೆ ಆರೋಗ್ಯ ಮಿತ್ರ ಬಂದರು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಮಾವನ ಹೆಬ್ಬೆಟ್ಟು ತೆಗೆದುಕೊಂಡು, ಫೋಟೋ ಹೊಡೆದು, ಸರ್ಜನ್ ಬರೆದದ್ದನ್ನು ಅಪ್‌ಲೋಡ್ ಮಾಡಿದರು. ತುರ್ತು ಅಂತ ಸೇರಿದ್ದರಿಂದ ರೆಫರಲ್ ಕೇಳಲಿಲ್ಲ. ಸಂಜೆಗೆ ಮಂಜೂರಾತಿ ಬಂತು. ನಾಲ್ಕನೇ ದಿನ ಬಿಡುಗಡೆ. ಆಪರೇಷನ್, ಮೆಶ್, ಮಂಚ, ಊಟ ಎಲ್ಲದಕ್ಕೂ ಸೊನ್ನೆ. ಅಡ್ವಾನ್ಸ್ ಐದು ಸಾವಿರ ಅದೇ ದಿನ ವಾಪಸ್ ಕೊಟ್ಟರು.

ನಾನು ಮಿಕ್ಕ 3,350 ಕೇಳಿದೆ. ಫೀಸು 600, ಸ್ಕ್ಯಾನಿಂಗ್ 1,800, ರಕ್ತ 950.

"ಅದು ಅಡ್ಮಿಷನ್‌ಗೆ ಮುಂಚೆ ಆಗಿದ್ದು ಸಾರ್" ಅಂದ ಬಿಲ್ಲಿಂಗಿನವನು.

ಮುಂಚೆ ಅಂದರೆ ಎಷ್ಟು ಮುಂಚೆ? ಎರಡು ಗಂಟೆ. ಯೋಜನೆ ಹೇಳುವುದು ಮೂರು ದಿನ. ಹಾಗಂದಿದ್ದಕ್ಕೆ ಅವನು ಅಕೌಂಟ್ಸ್ ಕಡೆ ಕೈ ತೋರಿಸಿದ, ಅಕೌಂಟ್ಸಿನವರು ಮ್ಯಾನೇಜರ್ ಕಡೆ ತೋರಿಸಿದರು, ಮ್ಯಾನೇಜರ್ ರಜೆ. ಆ ಹುಡುಗಿ, ಆರೋಗ್ಯ ಮಿತ್ರ, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ರಸೀದಿಗಳನ್ನ ಇವತ್ತೇ ಜೆರಾಕ್ಸ್ ಮಾಡ್ಸಿ ಸಾರ್. ಆ ಕಾಗ್ದದಲ್ಲಿ ಅಕ್ಷರ ನಿಲ್ಲಲ್ಲ." ಹೌದು, ಜೂನ್ ತಿಂಗಳ ಸ್ಕ್ಯಾನಿಂಗ್ ರಸೀದಿ ತೆಗೆದು ನೋಡಿದರೆ ಆಗಲೇ ಬರೀ ಬಿಳಿ ಹಾಳೆ. 1,200 ಅನ್ನುವುದು ಮಾವನ ನೆನಪಿನಲ್ಲಿ ಮಾತ್ರ ಉಳಿದಿತ್ತು. ಅವರೇ ಇನ್ನೊಂದು ಮಾತೂ ಹೇಳಿದರು. ದಿನಾ ಐವತ್ತು ಜನಕ್ಕೆ ಹೇಳಿ ಹೇಳಿ ನಾಲಿಗೆಗೆ ಕೂತುಬಿಟ್ಟ ಹಾಗಿತ್ತು:

"ಈ ಕಾರ್ಡು ಮಂಚಕ್ಕೆ ಸಾರ್, ಕುರ್ಚಿಗಲ್ಲ."

ಹೊಲಿಗೆ ಬಿಚ್ಚಿದ ದಿನ

ಹತ್ತನೇ ದಿನ ಹೊಲಿಗೆ ಬಿಚ್ಚಿಸಲು ಹೋದೆವು. ಕೌಂಟರಿನಲ್ಲಿ ಮತ್ತೆ ಐನೂರು. ಈ ಸಲ ನಾನು ತಯಾರಾಗಿ ಹೋಗಿದ್ದೆ. ಡಿಸ್ಚಾರ್ಜ್ ಸಮರಿ ತೆಗೆದಿಟ್ಟು, ಬಿಡುಗಡೆಯಾದ ತಾರೀಖಿನ ಮೇಲೆ ಬೆರಳಿಟ್ಟು, "ಇವತ್ತಿಗೆ ಆರು ದಿನ, ಹದಿನೈದು ದಿನ ನಿಮ್ಮ ಪ್ಯಾಕೇಜಲ್ಲೇ ಇದೆ" ಅಂದೆ. ಹಿಂದೆ ನಿಂತಿದ್ದವರು ಗೊಣಗಿದರು. ಮಾವನಿಗೆ ನಾಚಿಕೆ. "ಕೊಟ್ಬುಡಪ್ಪ ಹೋಗ್ಲಿ, ಎಲ್ರೂ ನೋಡ್ತವ್ರೆ" ಅಂತ ನನ್ನ ಅಂಗಿ ತುದಿ ಎಳೆಯುತ್ತಿದ್ದರು. ನನ್ನ ಕಣ್ಣಿಗೆ ಈ ಇಡೀ ಪ್ರಕರಣದ ಗಂಟು ಇರುವುದು ಆ ಎಳೆತದಲ್ಲೇ. ಐವತ್ತು ಸಾವಿರ ಕೇಳಿದರೆ ಜನ ಜಗಳ ಮಾಡುತ್ತಾರೆ, ಊರಿನವರನ್ನು ಕರೆತರುತ್ತಾರೆ, ಎಮ್ಮೆಲ್ಲೆಗೆ ಫೋನ್ ಮಾಡಿಸುತ್ತಾರೆ. ಐನೂರಕ್ಕೆ ಯಾರೂ ಜಗಳ ಮಾಡುವುದಿಲ್ಲ. ಆ ಮೊತ್ತ ಮರ್ಯಾದೆಗಿಂತ ಚಿಕ್ಕದು, ಕೂಲಿಗಿಂತ ದೊಡ್ಡದು.

ಆರೋಗ್ಯ ಮಿತ್ರ ಬಂದು ಒಂದು ಮಾತು ಹೇಳಿದ ಮೇಲೆ ಫೀಸು ಬಿಟ್ಟರು. ಡ್ರೆಸ್ಸಿಂಗಿಗೆ ಅಂತ 150 ತೆಗೆದುಕೊಂಡರು. ಅದೂ ತೆಗೆದುಕೊಳ್ಳಬಾರದಿತ್ತು. ನನಗೂ ಸಾಕಾಗಿತ್ತು, ಕೊಟ್ಟುಬಿಟ್ಟೆ.

ಅವತ್ತೇ ಸಂಜೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಮಾರನೇ ದಿನ ಟ್ರಸ್ಟಿನ ಜಿಲ್ಲಾ ಸಂಯೋಜಕರಿಗೆ ಒಂದು ಪುಟದ ಅರ್ಜಿ. ನಾಲ್ಕೇ ವಾಕ್ಯ: ಯಾವ ತಾರೀಖು, ಎಷ್ಟು ಗಂಟೆಗೆ, ಎಷ್ಟು ಹಣ, ಯಾವಾಗ ಅಡ್ಮಿಷನ್. ಜೊತೆಗೆ ರಸೀದಿ ಜೆರಾಕ್ಸು. ಸಂಘದಲ್ಲಿ ಕೂತು ಕಲಿತ ಒಂದು ಪಾಠ ಅಂದರೆ ಅರ್ಜಿಯಲ್ಲಿ ಗೋಳು ಬರೆಯಬಾರದು, ಗಂಟೆ ಬರೆಯಬೇಕು. 1:14 ಅನ್ನುವ ರಸೀದಿ ಮಾಡಿದ ಕೆಲಸ ನನ್ನ ಯಾವ ವಾದವೂ ಮಾಡಲಿಲ್ಲ. ಐದು ವಾರಕ್ಕೆ ಆಸ್ಪತ್ರೆಯವರೇ ಕರೆದು ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ 2,750 ವಾಪಸ್ ಕೊಟ್ಟರು. ಡಾಕ್ಟರ ಫೀಸು 600 ಮಾತ್ರ ಬರಲಿಲ್ಲ. ಅದು "ಡಾಕ್ಟ್ರಿಗೆ ಹೋಗ್ಬಿಟ್ಟಿದೆ" ಅಂದರು. ಇನ್ನೊಂದು ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ.

ನಡುವೆ ಬಿಡುಗಡೆಯಾದ ಇಪ್ಪತ್ತೆರಡನೇ ದಿನ ಇನ್ನೊಂದು ಸಲ ತೋರಿಸಿದ್ದು. ಹದಿನೈದು ದಿನ ಮುಗಿದಿತ್ತು, ಐನೂರು ಕೇಳಿದ್ದು ಸರಿಯೇ. ಡಾಕ್ಟರು ಗಾಯ ಮುಟ್ಟಿ ನೋಡಿ, "ಚೆನ್ನಾಗಿದೆ, ಮೂರು ತಿಂಗ್ಳು ಭಾರ ಎತ್ಬೇಡಿ" ಅಂದರು. ಹೊರಗೆ ಬಂದು ಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಇದ್ನ ನಿಮ್ಮತ್ತೆ ಬಿಟ್ಟಿಯಾಗೇ ಹೇಳ್ತಿದ್ಲಲ್ಲೋ" ಅಂದರು. ನಾಲ್ಕು ತಿಂಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಕವರಿನ ಲೆಕ್ಕ

ಒಂದು ಭಾನುವಾರ ಕವರನ್ನು ಮಂಚದ ಮೇಲೆ ಸುರಿದು ಕೂಡಿಸಿದೆ. ತಾಲ್ಲೂಕಿನ ಕ್ಲಿನಿಕ್ಕಿನಲ್ಲಿ 1,020. ಮೊದಲನೇ ಖಾಸಗಿ ಆಸ್ಪತ್ರೆ ಸ್ಕ್ಯಾನಿಂಗ್ ಸೇರಿ 2,200. ಸರ್ಕಾರಿ ಚೀಟಿ 30. ಆ ರಾತ್ರಿಯದು 3,350. ಆಮೇಲಿನ ಡ್ರೆಸ್ಸಿಂಗ್ 150, ಮರುಭೇಟಿ 500, ಕೊನೆಯ ಮಾತ್ರೆಗಳು 410. ಒಟ್ಟು 7,660. ವಾಪಸ್ ಬಂದ 2,750 ಕಳೆದರೆ 4,910. ಇದರಲ್ಲಿ ಖಾಸಗಿ ಡಾಕ್ಟರುಗಳ ಫೀಸೇ 2,500. ಅರ್ಧಕ್ಕಿಂತ ಜಾಸ್ತಿ. ಬಸ್ಸು, ಓಮ್ನಿಯ ಪೆಟ್ರೋಲು, ಅತ್ತೆಯ ಮತ್ತು ನನ್ನ ಕೆಲಸ ಕೆಟ್ಟ ದಿನಗಳು ಇದರಲ್ಲಿಲ್ಲ.

ದೇಶದ ಲೆಕ್ಕದಲ್ಲೂ ಇದೇ ಬಣ್ಣ ಕಾಣುತ್ತದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ಒಟ್ಟು ಆರೋಗ್ಯ ಖರ್ಚಿನ ಶೇಕಡಾ 64.2ರಷ್ಟನ್ನು ಜನರೇ ಜೇಬಿನಿಂದ ಕೊಡುತ್ತಿದ್ದರು. 2021-22ಕ್ಕೆ ಅದು 39.4ಕ್ಕೆ ಇಳಿದಿದೆ. ಇಳಿದಿದ್ದು ನಿಜ, ಮಾವನ ಆಪರೇಷನ್ ಉಚಿತ ಆಗಿದ್ದೂ ನಿಜ. ಕವರಿನಲ್ಲಿ ಉಳಿದ ಚೀಟಿಗಳೂ ನಿಜ.

ಆದರೆ ಈ 4,910ಕ್ಕಿಂತ ನನ್ನನ್ನು ಕಾಡಿದ್ದು ಲೆಕ್ಕಕ್ಕೆ ಸಿಗದ ಇನ್ನೊಂದು: ಜೂನ್ ನಡುವಿನಿಂದ ಗೌರಿ ಹಬ್ಬದವರೆಗಿನ ಎರಡೂವರೆ ತಿಂಗಳು. ಜೂನ್‌ನಲ್ಲೇ ಹತ್ತು ರೂಪಾಯಿ ಚೀಟಿಯ ಸಾಲಿನಲ್ಲಿ ನಿಂತಿದ್ದರೆ ಮಳೆಗಾಲದಲ್ಲೇ ಸಲೀಸಾಗಿ ಮುಗಿಯುತ್ತಿತ್ತು. "ಎಲ್ಲಿ ಹೋದ್ರೂ ಕಾರ್ಡ್ ತೋರ್ಸಿ" ಅಂದವನು ನಾನು, "ಮೊದ್ಲು ಸರ್ಕಾರಿ ಆಸ್ಪತ್ರೆಗೆ ಹೋಗಿ" ಅನ್ನಲಿಲ್ಲ. ಒಂದೇ ಮಾತಿನ ವ್ಯತ್ಯಾಸ. ಈಗ ನಮ್ಮ ಸಂಘದ ಕಿಟಕಿ ಪಕ್ಕ ಒಂದು ಹಾಳೆ ಅಂಟಿಸಿದ್ದೇನೆ. ಅದರಲ್ಲಿ ಆ ಆರೋಗ್ಯ ಮಿತ್ರ ಹೇಳಿದ ಮಾತು, ಕೆಳಗೆ 3 ಮತ್ತು 15.

ಸಂಬಳದ ಚೀಟಿ

ಇನ್ನು ಮಗಳ ವಿಷಯ. ಲೆಕ್ಕ ಮಾಡುತ್ತಿದ್ದ ದಿನ ಅವಳಿಗೂ ರಜೆ. ನನ್ನ ಪಕ್ಕ ಕೂತು ರಸೀದಿ ಜೋಡಿಸಿಕೊಡುತ್ತಿದ್ದಳು. ಮಾತಿಗೆ ಮಾತು ಬಂದು, "ನಂಗೂ ತಿಂಗಳಿಗೆ ನೂರ ಎರಡು ರೂಪಾಯಿ ಹಿಡೀತಾರೆ ಭಾವ, ಯಾವ್ದಕ್ಕೋ ಏನೋ" ಅಂದಳು. ಫೋನಿನಲ್ಲಿದ್ದ ಸಂಬಳದ ಚೀಟಿ ತೋರಿಸಿದಳು. ಸಂಬಳ 13,600, ಅದರಲ್ಲಿ ಇಎಸ್‌ಐ 102.

ನಾನು ಹಣೆ ಚಚ್ಚಿಕೊಂಡೆ. ಅದು ಕಾರ್ಮಿಕರ ವಿಮೆ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ. 2019ರ ಜುಲೈಯಿಂದ ಕೆಲಸಗಾರರಿಂದ ಶೇಕಡಾ 0.75, ಮಾಲೀಕರಿಂದ ಶೇಕಡಾ 3.25. ಸರ್ಕಾರಿ ಇನ್ಶೂರೆನ್ಸ್‌ಗಳಲ್ಲಿ ಕುರ್ಚಿಗೂ ಆಗುವುದು ಇದು. ಡಿಸ್ಪೆನ್ಸರಿಗೆ ಹೋಗಿ ಡಾಕ್ಟರಿಗೆ ತೋರಿಸಿ, ಮಾತ್ರೆ ತೆಗೆದುಕೊಂಡು ಬರುವುದಕ್ಕೆ ಫೀಸಿಲ್ಲ. ಕೆಲಸಗಾರರನ್ನೇ ನೆಚ್ಚಿಕೊಂಡ ಅಪ್ಪ ಅಮ್ಮನಿಗೂ ಇದು ಸಿಗುತ್ತದೆ, ಅವರ ಆದಾಯ ತಿಂಗಳಿಗೆ 9,000 ದಾಟಿರಬಾರದು ಅಷ್ಟೇ. ಕೆಲಸಕ್ಕೆ ಸೇರುವಾಗ ಫಾರಂ ತುಂಬಿದ್ದು ಫ್ಯಾಕ್ಟರಿಯವರು. ಕುಟುಂಬ ಅನ್ನುವ ಕಡೆ ಮದುವೆ ಆಗಿಲ್ಲ ಅಂತ ಖಾಲಿ ಬಿಟ್ಟಿದ್ದರು. ಎರಡು ವರ್ಷದಿಂದ ದುಡ್ಡು ಕಟ್ಟುತ್ತಿದ್ದಳು, ಅಪ್ಪನ ಹೆಸರು ಅದರಲ್ಲಿರಲಿಲ್ಲ.

ಸೋಮವಾರ ಅವಳು ಎಚ್‌ಆರ್ ಹತ್ತಿರ ಹೋಗಿ ಅಪ್ಪ ಅಮ್ಮನ ಆಧಾರ್ ಕೊಟ್ಟು ಬಂದಳು. ಹೆಸರು ಸೇರಿತು. ಈಗ ಮಾವ ಬಿಪಿ ಮಾತ್ರೆಗೆ ತಿಂಗಳಿಗೊಂದು ಸಲ ಹಾಸನದ ಡಿಸ್ಪೆನ್ಸರಿಗೆ ಹೋಗುತ್ತಾರೆ. ಅಲ್ಲೂ ಸಾಲಿದೆ, ಕೆಲವು ಸಲ ಬೇಕಾದ ಮಾತ್ರೆ ಮುಗಿದಿರುತ್ತದೆ, ಮುಂದಿನ ವಾರ ಬನ್ನಿ ಅಂತಾರೆ. ಆದರೆ ಡಾಕ್ಟರ ಎದುರು ಕೂತಿದ್ದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಹೋದ ತಿಂಗಳು ನಾನೂ ಜೊತೆಗಿದ್ದೆ. ಚೀಟಿ ಮಾಡಿಸುವಾಗ ಅಂಗಿಯ ಒಳಜೇಬಿನಿಂದ ಏನೋ ತೆಗೆದು, ಮತ್ತೆ ಒಳಗಿಟ್ಟುಕೊಂಡರು. ನಾಲ್ಕು ಮಡಿಕೆ ಮಾಡಿದ ಐನೂರರ ನೋಟು.

"ಇಲ್ಲಿ ಬೇಡ ಮಾವ."

"ಗೊತ್ತು ಕಣಪ್ಪ. ಇರ್ಲಿ" ಅಂದರು.